‘ನಿಮಗೇ ಕಷ್ಟ ಆಗುತ್ತಲ್ವಾ?’

ಸಂದರ್ಶನ ಚೆನ್ನಾಗಿಯೇ ನಡೆದಿರುತ್ತದೆ. ಅಂಕಪಟ್ಟಿ ನೋಡಿ ತಲೆದೂಗಿದ ಮ್ಯಾನೇಜರ್ ಅವರ ಕಣ್ಣು ಕೊನೆಗೆ ಊರುಗೋಲಿನ ಮೇಲೆ ಬಂದು ನಿಲ್ಲುತ್ತದೆ. ‘ನಮ್ಮದು ಮೂರನೇ ಮಹಡಿ. ದಿನಾ ಹತ್ತಿ ಇಳಿಯೋದು ನಿಮಗೇ ಕಷ್ಟ ಆಗುತ್ತಲ್ವಾ? ಆಮೇಲೆ ಫೋನ್ ಮಾಡ್ತೀವಿ.’ ಆ ಫೋನ್ ಬರುವುದಿಲ್ಲ. ಕೆಲಸ ಹುಡುಕುವ ವಿಕಲಚೇತನರಲ್ಲಿ ಈ ಮಾತನ್ನು ಒಂದಲ್ಲ ಒಂದು ರೂಪದಲ್ಲಿ ಕೇಳದವರು ಅಪರೂಪ.

ಹೀಗೆ ಹೇಳುವವರು ಕೆಟ್ಟವರೇನಲ್ಲ. ತೊಂದರೆ ಇರುವುದು ಅವರ ಕನಿಕರದಲ್ಲೇ. ಅದರ ಹಿಂದೆ ಬಾಯಿಬಿಟ್ಟು ಹೇಳದ ಅಳುಕುಗಳಿವೆ: ಕೆಲಸ ನಿಧಾನವಾದರೆ? ಪದೇ ಪದೇ ರಜೆ ಕೇಳಿದರೆ? ತಪ್ಪು ಮಾಡಿದಾಗ ಗದರುವುದು ಹೇಗೆ? ಈ ಕೊನೆಯ ಅಳುಕಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಆದರೆ ಹೆಚ್ಚು ಹಾನಿ ಮಾಡುವುದು ಅದೇ. ತಪ್ಪನ್ನು ತೋರಿಸದಿದ್ದರೆ ಕೆಲಸಗಾರ ಕಲಿಯುವುದಿಲ್ಲ, ಕಲಿಯದವನಿಗೆ ಬಡ್ತಿಯಿಲ್ಲ. ಹೇಗೋ ಒಳಗೆ ಬಂದವರೂ ಸೇರಿದ ಕುರ್ಚಿಯಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ.

ಬೆಂಗಳೂರಿನ ಶಾಂತಿ ರಾಘವನ್ ಅವರ ತಮ್ಮ ಹರೆಯದಲ್ಲಿ ದೃಷ್ಟಿ ಕಳೆದುಕೊಂಡರು. ಅವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸಲು ಪಟ್ಟ ಪಾಡಿನಿಂದಲೇ 1999ರಲ್ಲಿ ‘ಎನೇಬಲ್ ಇಂಡಿಯಾ’ ಹುಟ್ಟಿತು. ವಿಕಲಚೇತನರಿಗೆ ತರಬೇತಿ ಕೊಡುವುದರ ಜೊತೆಗೆ ಕಂಪನಿಗಳನ್ನು ಅಣಿಗೊಳಿಸುವುದೂ ಈ ಸಂಸ್ಥೆಯ ಕೆಲಸ. ಅಭ್ಯರ್ಥಿಯ ದೇಹದಲ್ಲಿ ಏನಿಲ್ಲ ಎಂದು ಹುಡುಕುವ ಬದಲು ಕೆಲಸವನ್ನೇ ಬಿಡಿಸಿ ನೋಡಿದರೆ ಎಷ್ಟೋ ಅಳುಕು ಅಲ್ಲೇ ಕರಗುತ್ತದೆ. ಲೆಕ್ಕಪತ್ರದ ಕೆಲಸವನ್ನೇ ತೆಗೆದುಕೊಳ್ಳಿ. ಅದಕ್ಕೆ ಬೇಕಾದದ್ದು ಲೆಕ್ಕದ ತಿಳಿವಳಿಕೆ. ಪರದೆ ಮೇಲಿನ ಅಕ್ಷರವನ್ನು ಓದಿ ಹೇಳಲು ತಂತ್ರಾಂಶವಿದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಬೆಳೆಸಿದ ಅಂಥದೊಂದು ತಂತ್ರಾಂಶ ‘ಎನ್‌ವಿಡಿಎ’ ಇಂದು ಜಗತ್ತಿನಲ್ಲಿ ಯಾರಿಗೇ ಆದರೂ ಉಚಿತ. ‘ಖರ್ಚು ಯಾರು ಭರಿಸುವುದು’ ಎನ್ನುವವರು ಮೊದಲು ಇದನ್ನು ತಿಳಿದುಕೊಳ್ಳಲಿ.

ಹೀಗೆ ಮಾಡಿ ತೋರಿಸಿದವರೂ ಇದ್ದಾರೆ. 2006ರಲ್ಲಿ ಬೆಂಗಳೂರಿನಲ್ಲೇ ಶುರುವಾದ ‘ವಿಂಧ್ಯ ಇ-ಇನ್ಫೋಮೀಡಿಯಾ’ ಕಂಪನಿಯ ನೌಕರರಲ್ಲಿ ಬಹುಪಾಲು ವಿಕಲಚೇತನರು. ಮುಂಬೈಯ ‘ಮಿರಾಕಲ್ ಕುರಿಯರ್ಸ್’ ಕಿವುಡ ಯುವಕರನ್ನೇ ಕೆಲಸಕ್ಕಿಟ್ಟುಕೊಂಡು ಟಪಾಲು ತಲುಪಿಸಿತು. ವಿಳಾಸ ಓದಿ, ಲಕೋಟೆ ತಲುಪಿಸಿ, ಸಹಿ ಪಡೆಯಲು ಕಿವಿ ಬೇಕಾಗಲಿಲ್ಲ.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಹುದ್ದೆಗಳಲ್ಲಿ ಶೇ 4ರಷ್ಟು ಮೀಸಲಾತಿ ಕೊಟ್ಟಿದೆ. ಖಾಸಗಿಯವರಿಗೆ ಮೀಸಲಾತಿಯ ಕಡ್ಡಾಯವಿಲ್ಲ. ಆದರೆ ಸಮಾನ ಅವಕಾಶದ ನೀತಿಯೊಂದನ್ನು ಅವರೂ ಪ್ರಕಟಿಸಲೇಬೇಕು. ನಿಮ್ಮ ಕಂಪನಿಯಲ್ಲಿ ಅದು ಎಲ್ಲಿದೆ ಎಂದು ಕೇಳಿ ನೋಡಿ. ಅಂಧರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ತೀರ್ಪಿತ್ತಿತು. ಕಣ್ಣಿಲ್ಲದವರು ನ್ಯಾಯಪೀಠದಲ್ಲಿ ಕೂತು ತೀರ್ಪು ಬರೆಯಬಹುದಾದರೆ, ನಮ್ಮ ಕಚೇರಿಯ ಬಿಲ್ಲು ಪರಿಶೀಲಿಸಲು ಯಾಕೆ ಆಗದು?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕವೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಆಯ್ಕೆಯ ಮೇಜಿನ ಆಚೆ ಕೂರುವವರಲ್ಲಿ ನನ್ನದೊಂದು ಕೋರಿಕೆ. ‘ನಿಮಗೇ ಕಷ್ಟ ಆಗುತ್ತಲ್ವಾ’ ಎಂಬ ಮಾತನ್ನು ಬಿಟ್ಟುಬಿಡಿ. ‘ಈ ಕೆಲಸ ಮಾಡಲು ನಿಮಗೇನು ಬೇಕು’ ಎಂದು ಕೇಳಿ. ಎದುರಿಗಿರುವವರಿಗೆ ಅದರ ಉತ್ತರ ನಿಮಗಿಂತ ಚೆನ್ನಾಗಿ ಗೊತ್ತಿದೆ.