ಬಚ್ಚಲ ಗೋಡೆಯೊಳಗಿನ ಕೊಳವೆ

ನಿಮ್ಮ ಮನೆಯ ಬಚ್ಚಲಿನಲ್ಲಿ ವಾಷ್‌ಬೇಸಿನ್ನಿನ ಕೆಳಗಿನ ಗೋಡೆಯನ್ನು ಒಮ್ಮೆ ಅಂಗೈಯಿಂದ ಮುಟ್ಟಿ ನೋಡಿ. ಸುಣ್ಣ ಉಬ್ಬಿ ಪುಡಿಯಾಗಿ ಉದುರುತ್ತಿದೆಯೆ? ಕಂದು ಕಲೆ ಕೆಳಗಿಳಿದಿದೆಯೆ? ಹಾಗಿದ್ದರೆ ಗೋಡೆಯೊಳಗೆ ಎಲ್ಲೋ ಕೊಳವೆ ತೂತಾಗಿದೆ. ಯಾವ ಕೊಳವೆ ಎಂಬುದನ್ನು ಗೋಡೆ ಒಡೆಯದೆಯೇ ತಿಳಿಯಬಹುದು. ನೀರು ತರುವ ಕೊಳವೆಯಲ್ಲಿ ಸದಾ ಒತ್ತಡವಿರುವುದರಿಂದ ಅದು ಹಗಲಿರುಳೂ ಸೋರುತ್ತದೆ. ಬೇಸಿನ್ ಬಳಸದ ನಾಲ್ಕು ದಿನ ಗೋಡೆ ಒಣಗಿ, ಬಳಸಿದ ಕೂಡಲೆ ಮತ್ತೆ ಒದ್ದೆಯಾದರೆ ತಪ್ಪು ಕೊಳೆನೀರಿನ ಕೊಳವೆಯದು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹಳೆಯ ಮನೆಗಳಲ್ಲಿ ಬೇಸಿನ್ನಿನ ನೀರನ್ನು ಗೋಡೆಯಾಚೆಯ ಗಟಾರಕ್ಕೆ ಬಿಡಲು ಜಿಐ ಕೊಳವೆ ಹಾಕಿರುವುದುಂಟು. ಜಿಐ ಎಂದರೆ ಸತು ಲೇಪಿಸಿದ ಕಬ್ಬಿಣ. ಸತು ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲ. ಎರಡೂ ಒಂದೇ ನೀರಿನಲ್ಲಿ ತಾಗಿಕೊಂಡಿದ್ದರೆ ಮೊದಲು ಸತು ಕರಗುತ್ತದೆ, ಕಬ್ಬಿಣ ಉಳಿಯುತ್ತದೆ. ಆದರೆ ಈ ಲೇಪನದ ದಪ್ಪ ಸುಮಾರು ಒಂದು ತಲೆಗೂದಲಿನಷ್ಟು ಮಾತ್ರ. ಅದು ಮುಗಿದ ಮೇಲೆ ಕಬ್ಬಿಣದ ಸರದಿ.

ಅದನ್ನು ಬೇಗ ಮುಗಿಸುವವರು ಬಹುಮಟ್ಟಿಗೆ ನಾವೇ. ಈ ಮೂರು ತಾಲ್ಲೂಕುಗಳ ಬಹಳಷ್ಟು ಊರುಗಳಿಗೆ ಕೊಳವೆಬಾವಿಯೇ ಆಧಾರ. ಕಲ್ಲಿನ ಬಿರುಕುಗಳಲ್ಲಿ ನಿಂತು ಬರುವ ಆ ನೀರಿಗೆ ಗಡಸುತನ ಹೆಚ್ಚು. (ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಸೂಕ್ತ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸೈ ಎನ್ನುತ್ತದೆ ಭಾರತೀಯ ಮಾನಕ.) ಬೇಸಿನ್ನಿನ ಮೇಲೆ ಬಿಳಿ ಹೊರೆ ಕಟ್ಟುತ್ತದೆ, ಸಾಬೂನು ನೊರೆ ಬಾರದೆ ಗಸಿಯಾಗುತ್ತದೆ. ಅದನ್ನು ತೆಗೆಯಲು ಅಂಗಡಿಯಿಂದ ‘ಆಸಿಡ್’ ಬಾಟಲಿ ತರುತ್ತೇವೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಬಿಳಿ ಹೊರೆಯಾದ ಕ್ಯಾಲ್ಸಿಯಂ ಕಾರ್ಬೊನೇಟನ್ನು ಅದು ಬುರಬುರನೆ ಕರಗಿಸುತ್ತದೆ. ಬೇಸಿನ್ ಹೊಳೆಯುತ್ತದೆ. ಉಳಿದ ಆಮ್ಲ ಎಲ್ಲಿ ಹೋಯಿತು?

ಒಂದು ಲೆಕ್ಕ ಮಾಡೋಣ. 32 ಮಿಲಿಮೀಟರ್ ಒಳವ್ಯಾಸದ ಒಂದು ಮೀಟರ್ ಕೊಳವೆಯ ಒಳಮೈ ಸುಮಾರು 0.1 ಚದರ ಮೀಟರ್. ಚದರ ಮೀಟರಿಗೆ 400 ಗ್ರಾಂ ಸತು ಎಂದು ಹಿಡಿದರೆ ಒಳಗಿರುವುದು 40 ಗ್ರಾಂ. ಶೇಕಡ 10ರ ಆಮ್ಲದ 100 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. 73 ಗ್ರಾಂ ಹೈಡ್ರೋಜನ್ ಕ್ಲೋರೈಡಿಗೆ 65 ಗ್ರಾಂ ಸತು, ಅಂದರೆ 10 ಗ್ರಾಮಿಗೆ ಸುಮಾರು 9 ಗ್ರಾಂ ಸತು ಕರಗುತ್ತದೆ. ಎಲ್ಲ ಆಮ್ಲವೂ ಸತುವಿನ ಮೇಲೇ ಬಿದ್ದರೆ ನಾಲ್ಕೈದು ಸಲಕ್ಕೆ ಲೇಪನ ಮಾಯ! ಹೊರೆಯ ಮೇಲೆ ಸ್ವಲ್ಪ ಖರ್ಚಾಗುವುದು ನಿಜ. ಆದರೆ ಮಲಗಿದ ಕೊಳವೆಯಲ್ಲಿ ಆಮ್ಲ ಸುತ್ತಲೂ ಹರಡದೆ ತಳದ ಪಟ್ಟಿಯಲ್ಲೇ ಹರಿಯುತ್ತದೆ. ಕೊಳವೆಯ ಒಳಗೆ ತೆಳುವಾಗಿ ಕಟ್ಟಿದ್ದ ಸುಣ್ಣದ ಪದರ ಲೋಹಕ್ಕೆ ಒಂದಿಷ್ಟು ರಕ್ಷಣೆ ಕೊಡುತ್ತಿತ್ತು. ಅದನ್ನೂ ಕಳೆದುಕೊಂಡಂತಾಯಿತು.

ಮುಂದಿನ ಕೆಲಸ ತಳದ ಕೆಸರಿನದು. ಕೂದಲು, ಸಾಬೂನಿನ ಗಸಿ ಕೂತಲ್ಲಿ ಆಮ್ಲಜನಕ ಕಡಿಮೆ, ಪಕ್ಕದ ಬಯಲು ಲೋಹಕ್ಕೆ ಹೆಚ್ಚು. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ಕೋಶ. ಕೆಸರಿನಡಿಯ ಕಬ್ಬಿಣ ಆನೋಡ್ ಆಗಿ ಕರಗುತ್ತದೆ. ತೂತು ಸಾಮಾನ್ಯವಾಗಿ ತಳದಲ್ಲೇ ಬೀಳುವುದು ಇದರಿಂದ. ತುಕ್ಕಾದ ಕಬ್ಬಿಣ ಮೊದಲಿನ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ, ಕೊಳವೆಯ ಹೊರಮೈ ತುಕ್ಕು ಹಿಡಿದಾಗ ಸುತ್ತಲಿನ ಗಿಲಾವು ಬಿರುಕು ಬಿಡುತ್ತದೆ.

ಗಂಗಾವತಿಯ ಕಥೆ ಬೇರೆ. ಕಾಲುವೆ ನೀರು ಮೃದು, ಬಿಳಿ ಹೊರೆಯ ಕಾಟ ಕಡಿಮೆ. ಆದರೆ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ, ಬತ್ತದ ಗದ್ದೆಗಳ ಸೀಮೆಯಲ್ಲಿ ಅಂತರ್ಜಲ ಮೇಲೇರಿ ಹಲವೆಡೆ ನೆಲ ಸವಳು-ಜವಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ನೆಲದ ಬಗ್ಗೆಯೇ ಸಂಶೋಧನೆ ನಡೆಯುತ್ತದೆ. ಅಂಥ ನೆಲದ ಮೇಲಿನ ಗೋಡೆ ದೀಪದ ಬತ್ತಿಯಂತೆ ಉಪ್ಪುನೀರನ್ನು ಮೇಲೆಳೆಯುತ್ತದೆ. ಅಲ್ಲಿ ಕೊಳವೆಯನ್ನು ತಿನ್ನುವುದು ಒಳಗಿನ ಆಮ್ಲವಲ್ಲ, ಹೊರಗಿನ ಕ್ಲೋರೈಡು.

ಕೊಳವೆ ಬದಲಿಸುವಾಗ ಸೋರುವ ತುಂಡನ್ನಷ್ಟೇ ಕತ್ತರಿಸಿ ಹೊಸ ತುಂಡು ಜೋಡಿಸುವ ಉಳಿತಾಯ ಬೇಡ. ಪಕ್ಕದ ತುಂಡೂ ಅಷ್ಟೇ ತೆಳುವಾಗಿರುತ್ತದೆ. ಬೇಸಿನ್ನಿನಿಂದ ಗಟಾರದವರೆಗೆ ಪೂರ್ತಿ ತೆಗೆಯಿರಿ. ಕಲ್ಲು-ಮಣ್ಣಿನ ಗೋಡೆಯಾದರೆ ತುಸು ನಿಧಾನ: ತಿಂಗಳುಗಟ್ಟಲೆ ನೀರು ಕುಡಿದ ಮಣ್ಣು ಮೆತ್ತಗಾಗಿ ಹಿಡಿತ ಬಿಟ್ಟಿರುತ್ತದೆ, ಒಂದು ಕಲ್ಲು ಎಳೆದರೆ ಮೇಲಿನವೂ ಜಾರಬಹುದು. ಮೇಲೆ ಮಣ್ಣಿನ ಮಾಳಿಗೆಯ ಭಾರವಿದ್ದರೆ ಮೊದಲು ಗೋಡೆಗೆ ಆಸರೆ ಕೊಡಬೇಕು, ದೊಡ್ಡ ಸುತ್ತಿಗೆ ಬಳಸಬಾರದು.

ಹೊಸದು ಪಿವಿಸಿ ಇರಲಿ. ಆಮ್ಲಕ್ಕೂ ಉಪ್ಪಿಗೂ ಅದು ಜಗ್ಗುವುದಿಲ್ಲ. ಕೊಳೆನೀರಿಗೆಂದೇ ಮಾಡಿದ ಪಿವಿಸಿ ಕೊಳವೆಗಳಿಗೆ ಐಎಸ್ 13592 ಎಂಬ ಮಾನಕವಿದೆ, ಕೊಳವೆಯ ಮೇಲೆ ಆ ಅಂಕಿ ನೋಡಿ ಕೊಳ್ಳಿ. ಬಿಸಿಯಾದಾಗ ಪಿವಿಸಿ ಕಬ್ಬಿಣದ ಐದು ಪಟ್ಟಿನಷ್ಟು ಹಿಗ್ಗುತ್ತದೆ. ಆದ್ದರಿಂದ ಸಿಮೆಂಟಿನಲ್ಲಿ ಬಿಗಿಯದೆ, ತುಸು ದೊಡ್ಡ ಕೊಳವೆಯ ತುಂಡೊಂದನ್ನು ಗೋಡೆಯಲ್ಲಿ ಕೂರಿಸಿ ಅದರೊಳಗಿಂದ ಹಾಯಿಸಿ. ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಸಾಕು. ಕುದಿಯುವ ನೀರನ್ನು ಮಾತ್ರ ಸುರಿಯಬೇಡಿ, ಪಿವಿಸಿ ಮೆತ್ತಗಾಗುತ್ತದೆ. ಪಿವಿಸಿ ಬಂತೆಂದು ಆಸಿಡ್ ಬಾಟಲಿಗೆ ಪರವಾನಗಿ ಸಿಕ್ಕಂತೆಯೂ ಅಲ್ಲ. ಅದು ಬ್ಲೀಚಿಂಗ್ ಪುಡಿಯೊಡನೆ ಸೇರಿದರೆ ಮುಚ್ಚಿದ ಬಚ್ಚಲಿನಲ್ಲಿ ಕ್ಲೋರಿನ್ ವಿಷಾನಿಲ ತುಂಬುತ್ತದೆ.

ಗಿಲಾವು ಮಾಡುವ ಮುನ್ನ ಒಂದು ಬಕೆಟ್ ನೀರು ಬಿಟ್ಟು ಒಂದು ದಿನ ಕಾಯಿರಿ. ಗಾರೆಯವರಿಗೆ ಅವಸರವಿರುತ್ತದೆ, ನಿಮಗಿರಬೇಕಿಲ್ಲ.

ತೆಗೆದ ಹಳೆಯ ಕೊಳವೆಯನ್ನು ಗುಜರಿಗೆ ಹಾಕಬೇಡಿ. ಉದ್ದಕ್ಕೆ ಸೀಳಿಸಿ ತರಗತಿಗೆ ಒಯ್ಯಿರಿ: ಮೇಲ್ಭಾಗದ ದಪ್ಪವನ್ನೂ ತಳದ ದಪ್ಪವನ್ನೂ ವಿದ್ಯಾರ್ಥಿಗಳೇ ವರ್ನಿಯರ್ ಮಾಪಕದಿಂದ ಅಳೆಯಲಿ. ಅದರೊಂದಿಗೆ ಮೂರು ಲೋಟಗಳಲ್ಲಿ ಕೊಳವೆಬಾವಿ ನೀರು, ಕಾಲುವೆ ನೀರು, ಉಪ್ಪು ಬೆರೆಸಿದ ನೀರು ತುಂಬಿ, ಒಂದೊಂದರಲ್ಲೂ ಒಂದು ಬರಿಯ ಮೊಳೆ, ಒಂದು ಸತು ಲೇಪಿತ ಮೊಳೆ ಇಟ್ಟು ವಾರವಿಡೀ ಬರೆದಿಡಲಿ.