ಎರಡು ಸದನಗಳ ನಡುವೆ ಒಂದು ಹಳಿ

ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ರೈಲಿನಲ್ಲಿ ಸುಮಾರು 16 ಕಿಲೋಮೀಟರು. ನಡುವೆ ಚಾಂಪಿಯನ್, ಉರಿಗಾಂ, ಬೆಮೆಲ್ ನಗರ, ಕೋರಮಂಡಲ ಎಂಬ ನಿಲ್ದಾಣಗಳು. ಇವುಗಳಲ್ಲಿ ಹೆಚ್ಚಿನವು ಗಣಿಗಳ ಹೆಸರನ್ನೇ ಹೊತ್ತುಕೊಂಡಿವೆ. ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನ ತೆಗೆಯುತ್ತಿದ್ದ ಕಾಲದಲ್ಲಿ, 1894ರಲ್ಲಿ, ಗಣಿಗಳಿಗೆಂದೇ ಈ ಹಳಿ ಬಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಊರಿಗೆ ಉಳಿದ ಆಸ್ತಿಯೆಂದರೆ ಹೆಚ್ಚುಕಡಿಮೆ ಇದೊಂದೇ. ಕೆಜಿಎಫ್‌ ಮತ್ತು ಬಂಗಾರಪೇಟೆಯ ಸಾವಿರಾರು ಮಂದಿ ನಸುಕಿನಲ್ಲೇ ಎದ್ದು, ಪಾಸು ಜೇಬಿಗಿಟ್ಟುಕೊಂಡು, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ಇಂಥ ಊರಿನ ಪಾಲಿಗೆ ರೈಲಿನ ಬಗ್ಗೆ ಯಾರು ಏನು ತೀರ್ಮಾನ ಮಾಡುತ್ತಾರೆ ಎನ್ನುವುದು ಅನ್ನದ ಪ್ರಶ್ನೆ. ಹಾಗೆ ತೀರ್ಮಾನ ಮಾಡುವವರನ್ನು ಕರೆದು ಕೇಳುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ನಮ್ಮ ಶಾಸನಸಭೆಗಳಲ್ಲಿ ನೆಟ್ಟಗಿನ ಉತ್ತರವಿಲ್ಲ.

ಲೈಟ್ ರೈಲು ಎಂಬ ಮಾತು ಈಗ ನಗರ ಯೋಜನೆಯ ಹೊಸ ಪದದಂತೆ ಕೇಳಿಸುತ್ತದೆ. ಕೋಲಾರದ ಕಡೆಯವರಿಗೆ ಅದು ಹಳೆಯದು. ಬೌರಿಂಗ್ ಸಾಹೇಬನ ಹೆಸರಿನ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲೇ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಬಂದಿತ್ತು. ಮುಂದೆ ಅದನ್ನು ಕೂಡಿಕೊಂಡ ಚಿಕ್ಕಬಳ್ಳಾಪುರದ ಕಂಪನಿಯ ಹೆಸರಿನಲ್ಲೇ ‘ಲೈಟ್ ರೈಲ್ವೆ’ ಇತ್ತು. ಇಂದು ಅಂಥ ಲೈಟ್ ರೈಲಿನ ಕೆಲಸಕ್ಕೆ ಹತ್ತಿರದ್ದೆಂದರೆ ಬೆಂಗಳೂರಿನ ಉಪನಗರ ರೈಲು. 1980ರ ದಶಕದಿಂದ ಕಾಗದದಲ್ಲೇ ಇದ್ದ ಯೋಜನೆಗೆ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು: ನಾಲ್ಕು ಮಾರ್ಗ, 148 ಕಿಲೋಮೀಟರು, 15,767 ಕೋಟಿ ರೂಪಾಯಿ. 2022ರ ಜೂನ್ 20ರಂದು ಶಂಕುಸ್ಥಾಪನೆ ಮಾಡಿದ ಪ್ರಧಾನಿ, 40 ವರ್ಷ ನೆನೆಗುದಿಗೆ ಬಿದ್ದದ್ದನ್ನು 40 ತಿಂಗಳಲ್ಲಿ ಮುಗಿಸುವುದಾಗಿ ಹೇಳಿದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ತುಂಬಿತು. ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟದ್ದಂತೂ ಚೆಂದವಾಗಿದೆ. ಆದರೆ ಪೂರ್ವಕ್ಕೆ ಪಾರಿಜಾತ ಮಾರ್ಗ ವೈಟ್‌ಫೀಲ್ಡ್‌ಗೇ ನಿಂತುಬಿಡುತ್ತದೆ. ಅದನ್ನು ಬಂಗಾರಪೇಟೆಯವರೆಗೆ ಸುಮಾರು 45 ಕಿಲೋಮೀಟರು ಎಳೆಯುವ ಆಲೋಚನೆ, ಮೈಸೂರು, ತುಮಕೂರು ಮುಂತಾದ ಊರುಗಳಿಗೂ ಮಾರ್ಗ ಎಳೆಯುವ ಪ್ರಸ್ತಾವದ ಜೊತೆಗೆ, 2023ರಲ್ಲಿ ಬಂದಿತ್ತು. ರೈಲ್ವೆಯಿಂದ ಒಪ್ಪಿಗೆ ಸಿಗಲಿಲ್ಲ.

ಯೋಜನೆ ಕಟ್ಟುತ್ತಿರುವ ಕೆ-ರೈಡ್ ಕಂಪನಿಯಲ್ಲಿ ರಾಜ್ಯ ಸರ್ಕಾರದ ಪಾಲು ನೂರಕ್ಕೆ 51, ರೈಲ್ವೆ ಸಚಿವಾಲಯದ್ದು 49. ಖರ್ಚಿನಲ್ಲಿ ಇಬ್ಬರದೂ ಶೇ. 20, ಉಳಿದ ಶೇ. 60 ಸಾಲ. ರೈಲ್ವೆ ಸಂವಿಧಾನದ ಕೇಂದ್ರ ಪಟ್ಟಿಯ ವಿಷಯವಾದ್ದರಿಂದ ವಿಧಾನಸಭೆಯಲ್ಲಿ ಯಾರಾದರೂ ಪ್ರಶ್ನೆ ಎತ್ತಿದರೆ ‘ಕೇಂದ್ರದ ಅನುಮತಿಗೆ ಕಾಯುತ್ತಿದ್ದೇವೆ’ ಎಂದು ಉತ್ತರಿಸಬಹುದು. ಲೋಕಸಭೆಯಲ್ಲಿ ಕೇಳಿದರೆ ‘ಅದು ರಾಜ್ಯದ ಕಂಪನಿ, ಜಮೀನು ಕೊಡಬೇಕಾದವರು ಅವರು’ ಎನ್ನಬಹುದು. ಎರಡೂ ಸುಳ್ಳಲ್ಲ, ಅದೇ ತೊಡಕು. ಕಂಪನಿಗೆ ಬಹುಕಾಲ ಪೂರ್ಣಾವಧಿ ವ್ಯವಸ್ಥಾಪಕ ನಿರ್ದೇಶಕರೇ ಇರಲಿಲ್ಲ. ಬೇರೆ ಇಲಾಖೆ ನೋಡಿಕೊಳ್ಳುತ್ತಿದ್ದ ಐಎಎಸ್ ಅಧಿಕಾರಿಗಳಿಗೆ ಅದು ಹೆಚ್ಚುವರಿ ಹೊಣೆಯಾಗಿತ್ತು. ಆ ಕುರ್ಚಿಯಲ್ಲಿ ರೈಲ್ವೆ ತಂತ್ರಜ್ಞ ಕೂರಬೇಕೆಂದು ಕೇಂದ್ರ, ಆಡಳಿತಾಧಿಕಾರಿ ಸಾಕೆಂದು ರಾಜ್ಯ. ಈ ಜಗ್ಗಾಟ ನಡೆದದ್ದು ಪತ್ರಗಳಲ್ಲಿ, ಪತ್ರಿಕೆಗಳಲ್ಲಿ. ಸದನದ ಸಮಿತಿಯೊಂದು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದ್ದರೆ ಯಾವುದಾದರೂ ಒಂದು ಕಡೆ ಇತ್ಯರ್ಥ ಆಗುತ್ತಿತ್ತು.

ಕೇಳಲು ದಾರಿ ಇಲ್ಲವೆಂದಲ್ಲ. ಕೇಂದ್ರವೂ ರಾಜ್ಯವೂ ಸದಸ್ಯರಾಗಿರುವ ಸರ್ಕಾರಿ ಕಂಪನಿಯ ವಾರ್ಷಿಕ ವರದಿ, ಲೆಕ್ಕಪರಿಶೋಧನೆಯ ಟಿಪ್ಪಣಿ ಸಮೇತ, ಸಂಸತ್ತಿನ ಮುಂದೆಯೂ ರಾಜ್ಯ ವಿಧಾನಮಂಡಲದ ಮುಂದೆಯೂ ಬರಬೇಕೆಂದು 2013ರ ಕಂಪನಿ ಕಾಯ್ದೆಯ 394ನೇ ಕಲಂ ಹೇಳುತ್ತದೆ. ನಮ್ಮ ವಿಧಾನಮಂಡಲಕ್ಕೆ ಸಾರ್ವಜನಿಕ ಉದ್ದಿಮೆಗಳ ಸಮಿತಿ ಇದೆ, ಸಚಿವರು ಸದನದಲ್ಲಿ ಕೊಟ್ಟ ಮಾತಿನ ಬೆನ್ನುಹತ್ತಲು ಭರವಸೆಗಳ ಸಮಿತಿಯೂ ಇದೆ. ಸಂಸತ್ತಿನಲ್ಲಿ ರೈಲ್ವೆಗೆಂದೇ 1993ರಿಂದ ಸ್ಥಾಯಿ ಸಮಿತಿ ಇದೆ. ಆದರೆ ವರದಿ ಮೇಜಿನ ಮೇಲೆ ಬೀಳುವುದಕ್ಕೂ ಯಾರಾದರೂ ಅದನ್ನು ಬಿಚ್ಚಿ ಓದಿ ಅಧಿಕಾರಿಯನ್ನು ಕರೆಸುವುದಕ್ಕೂ ಬಹಳ ಅಂತರ. 1924ರಲ್ಲಿ ಶುರುವಾದ ಪ್ರತ್ಯೇಕ ರೈಲ್ವೆ ಬಜೆಟ್ 2017ರಲ್ಲಿ ಸಾಮಾನ್ಯ ಬಜೆಟ್‌ಗೆ ಸೇರಿಹೋದ ಮೇಲೆ ಈ ಅಂತರ ಇನ್ನೂ ಹಿಗ್ಗಿತು. ರೈಲ್ವೆ ಮಂತ್ರಿ ವರ್ಷಕ್ಕೊಮ್ಮೆ ಎದ್ದುನಿಂತು ಊರೂರಿನ ಹೆಸರು ಹೇಳುತ್ತಿದ್ದ ದಿನ ಹೋಗಿ, ರೈಲ್ವೆ ಕಾಮಗಾರಿಗಳ ಪಟ್ಟಿಯಾದ ಪಿಂಕ್ ಬುಕ್ಕಿನ ಒಂದು ಸಾಲಿನ ಎದುರು ಒಂದು ಅಂಕಿ ಉಳಿಯಿತು.

ಹೆಸರು ಹೇಳಿದ ಮಾತ್ರಕ್ಕೆ ಕೆಲಸ ಆಗುತ್ತಿತ್ತೇ ಎಂದು ಕೇಳಿದರೆ, ಕೋಲಾರ ಜಿಲ್ಲೆಯೇ ಅದಕ್ಕೆ ಕಹಿ ಉತ್ತರ. ಇಲ್ಲಿಂದ 1991ರಿಂದ 2019ರವರೆಗೆ ಸಂಸದರಾಗಿದ್ದ ಕೆ.ಎಚ್. ಮುನಿಯಪ್ಪ 2009ರಿಂದ ಕೆಲ ವರ್ಷ ರೈಲ್ವೆ ರಾಜ್ಯ ಸಚಿವರೂ ಆಗಿದ್ದರು. ಮಾರಿಕುಪ್ಪಂನಿಂದ ಗಡಿಯಾಚೆಯ ಕುಪ್ಪಂಗೆ ಸುಮಾರು 24 ಕಿಲೋಮೀಟರಿನ ಹೊಸ ಮಾರ್ಗ 2011-12ರಲ್ಲಿ ಮಂಜೂರಾಯಿತು. ಮಾರಿಕುಪ್ಪಂನಲ್ಲಿ ಕೊನೆಯಾಗುವ ಹಳಿಗೆ ಅದರಿಂದ ಚೆನ್ನೈ ಕಡೆಗೂ ಬಾಗಿಲು ತೆರೆಯಬೇಕಿತ್ತು. ಹನ್ನೆರಡು ವರ್ಷ ದಾಟಿದರೂ ಮುಗಿಯಲಿಲ್ಲ. 2012-13ರ ರೈಲ್ವೆ ಬಜೆಟ್‌ನಲ್ಲಿ ಕೋಲಾರಕ್ಕೆ ಬೋಗಿ ತಯಾರಿಸುವ ಕಾರ್ಖಾನೆ ಪ್ರಕಟವಾಗಿ ಶ್ರೀನಿವಾಸಪುರದ ಬಳಿ ಅಡಿಗಲ್ಲೂ ಬಿತ್ತು, ಕಾರ್ಖಾನೆ ಏಳಲಿಲ್ಲ. ಪ್ರಭಾವಿ ಪ್ರತಿನಿಧಿ ಘೋಷಣೆಯನ್ನು ತರಬಲ್ಲ. ಘೋಷಣೆಯಾದ ಮೇಲೆ ಪ್ರತಿ ಆರು ತಿಂಗಳಿಗೊಮ್ಮೆ ಎಷ್ಟು ಜಮೀನು ಸಿಕ್ಕಿತು, ಎಷ್ಟು ಖರ್ಚಾಯಿತು, ಎಲ್ಲಿ ನಿಂತಿತು ಎಂದು ಕೇಳುವುದು ಒಬ್ಬನ ಪ್ರಭಾವದಿಂದ ಆಗುವ ಕೆಲಸವಲ್ಲ, ಅದು ಸಮಿತಿಯ ದುಡಿಮೆ.

ರಾಜಕಾರಣಿಗಳ ಕೈ ಹೊಕ್ಕರೆ ತಾಂತ್ರಿಕ ಯೋಜನೆ ಕೆಡುತ್ತದೆ, ಪ್ರತಿ ಶಾಸಕನೂ ತನ್ನ ಕ್ಷೇತ್ರಕ್ಕೊಂದು ನಿಲ್ದಾಣ ಕೇಳುತ್ತಾನೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಾಗೆ ಕೇಳುವವರು ಈಗಲೂ ಕೇಳುತ್ತಾರೆ, ಮುಚ್ಚಿದ ಕೋಣೆಯಲ್ಲಿ. ಮೇಲ್ವಿಚಾರಣೆ ಎಂದರೆ ಹಳಿ ಎಲ್ಲಿ ಹಾಯಬೇಕೆಂದು ನಿರ್ಧರಿಸುವುದಲ್ಲ. ನಿರ್ಧರಿಸಿದವರಿಂದ ಕಾರಣ ಮತ್ತು ಲೆಕ್ಕ ಪಡೆಯುವುದು. ಸಿಎಜಿ ಇದ್ದಾರಲ್ಲ ಎಂಬುದು ಇನ್ನೊಂದು ವಾದ. ಅವರ ಪರಿಶೋಧನೆ ಬಹುಪಾಲು ಹಣ ಖರ್ಚಾದ ನಂತರದ್ದು. ಬಂಗಾರಪೇಟೆಯ ವಿಸ್ತರಣೆಯಲ್ಲಿ ಇನ್ನೂ ಖರ್ಚೇ ಆಗಿಲ್ಲ. ಆಗದೇ ಹೋದದ್ದನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕುವುದು ಹೇಗೆ?

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಇದೇ ಬಗೆಯ ಪ್ರಶ್ನೆ ಎದ್ದಿತ್ತು. ಮಿನಿಯಾಪೊಲಿಸ್‌ನಿಂದ ಈಡನ್ ಪ್ರೇರಿಗೆ ಸುಮಾರು 23 ಕಿಲೋಮೀಟರಿನ ಲೈಟ್ ರೈಲು ಮಾರ್ಗ, ಅಂದರೆ ಹೆಚ್ಚುಕಡಿಮೆ ಮಾರಿಕುಪ್ಪಂ–ಕುಪ್ಪಂ ಉದ್ದದ್ದೇ. ಕಟ್ಟುತ್ತಿದ್ದದ್ದು ಗವರ್ನರ್ ನೇಮಿಸಿದ ಪ್ರಾದೇಶಿಕ ಮಂಡಳಿ, ಜನರಿಂದ ಆಯ್ಕೆಯಾದದ್ದಲ್ಲ. ಸುಮಾರು 200 ಕೋಟಿ ಡಾಲರಿನ ಅಂದಾಜು 270 ಕೋಟಿ ದಾಟಿ, ಉದ್ಘಾಟನೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. 2022ರಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಿ ತನ್ನದೇ ಲೆಕ್ಕಪರಿಶೋಧಕರನ್ನು, ಕಾಮಗಾರಿ ಇನ್ನೂ ನಡೆಯುತ್ತಿರುವಾಗಲೇ, ತನಿಖೆಗೆ ಹಚ್ಚಿತು. ಖರ್ಚು ಮತ್ತು ವಿಳಂಬದ ವಿಷಯದಲ್ಲಿ ಮಂಡಳಿ ಪೂರ್ತಿ ಪಾರದರ್ಶಕವಾಗಿರಲಿಲ್ಲ ಎಂದು ವರದಿಗಳು ಹೇಳಿದವು. ಹೋದ ದುಡ್ಡು ಅದರಿಂದ ವಾಪಸು ಬರಲಿಲ್ಲ, ನಿಜ. ಆದರೆ ಯಾರಿಗೆ ಯಾವಾಗ ಏನು ಗೊತ್ತಿತ್ತು ಎಂಬುದು ಜನರ ಕೈಗೆ ಸಿಕ್ಕಿತು.

ನಮ್ಮಲ್ಲೂ ವಿಧಾನಮಂಡಲ ಕೆ-ರೈಡ್‌ನಿಂದ ಅರ್ಧ ವರ್ಷಕ್ಕೊಂದು ಪ್ರಗತಿ ವರದಿ ಕಡ್ಡಾಯ ಮಾಡಲು ಸಂವಿಧಾನ ತಿದ್ದಬೇಕಿಲ್ಲ, ಶೇ. 51ರ ಪಾಲುದಾರ ತನ್ನ ಕಂಪನಿಯನ್ನು ಕೇಳಿದಷ್ಟೇ ಆಗುತ್ತದೆ. ಉದ್ದಿಮೆಗಳ ಸಮಿತಿ ಒಂದು ಸಭೆಯನ್ನು ವಿಧಾನಸೌಧದ ಬದಲು ಬಂಗಾರಪೇಟೆಯಲ್ಲೇ ನಡೆಸಲಿ. ವೈಟ್‌ಫೀಲ್ಡ್‌ನಾಚೆಗೆ ಮಾರ್ಗ ಬೇಡ ಎಂದದ್ದು ಯಾವ ಅಧ್ಯಯನದ ಆಧಾರದ ಮೇಲೆ, ಆ ಅಧ್ಯಯನದಲ್ಲಿ ಮಾರಿಕುಪ್ಪಂನಿಂದ ಹತ್ತುವವರನ್ನು ಎಣಿಸಿದ್ದರೇ ಎಂಬ ಎರಡು ಪ್ರಶ್ನೆ ಮೊದಲ ದಿನಕ್ಕೆ ಸಾಕು. ಸಂಜೆಯೊಳಗೆ ಮುಗಿಸಬೇಕಾಗುತ್ತದೆ, ಬೆಂಗಳೂರಿನಿಂದ ಬರುವ ಕೊನೆಯ ರೈಲುಗಳು ಜನರನ್ನು ಇಳಿಸುವ ಹೊತ್ತಿಗೆ ನಿಲ್ದಾಣದ ಮುಂದೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.