ಬೇಲಿಯ ಉಮ್ಮತ್ತಿ: ಮದ್ದೂ ಹೌದು, ವಿಷವೂ ಹೌದು



ಸಂಘದ ಸಭೆಯಲ್ಲಿ ಮನೆಮದ್ದಿನ ಮಾತು ಬಂದರೆ ಯಾರಾದರೊಬ್ಬರು ಉಮ್ಮತ್ತಿಯ ಹೆಸರು ಎತ್ತಿಯೇ ಎತ್ತುತ್ತಾರೆ. ಕೆಲವರಿಗೆ ಇದು ದತ್ತೂರಿ, ಇನ್ನು ಕೆಲವರಿಗೆ ಮದಗುಣಿಕೆ. ಕಹಳೆಯಂಥ ಬಿಳಿ ಅಥವಾ ನೇರಳೆ ಹೂ, ಮುಳ್ಳುಮುಳ್ಳಿನ ಉರುಟು ಕಾಯಿ. ಬೇಲಿ, ತಿಪ್ಪೆ, ರಸ್ತೆ ಬದಿ ಎಲ್ಲಿ ಬೇಕಾದರೂ ಬೆಳೆಯುತ್ತದೆ. ನಾವು ದಿನಾ ಅಡುಗೆಗೆ ಹಾಕುವ ಬದನೆ, ಟೊಮೆಟೊ, ಮೆಣಸಿನಕಾಯಿ ಇದರ ನೆಂಟರೇ. ಆದರೆ ಈ ಗಿಡ ಬೇರಿನಿಂದ ಬೀಜದವರೆಗೆ ವಿಷ.

ಹಾಗಾದರೆ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದದ್ದು ಸುಳ್ಳೇ? ಸುಳ್ಳೇನಲ್ಲ. ಎಲೆಗೆ ಎಣ್ಣೆ ಸವರಿ, ಬೆಚ್ಚಗೆ ಮಾಡಿ ಮಂಡಿನೋವಿಗೆ, ಬಾವಿಗೆ ಕಟ್ಟುತ್ತಿದ್ದರು. ಉಬ್ಬಸಕ್ಕೆ ಒಣಗಿದ ಎಲೆಯ ಹೊಗೆ ಎಳೆಯುತ್ತಿದ್ದರು. ಈ ಹೊಗೆಯ ಮದ್ದು 19ನೇ ಶತಮಾನದ ಆರಂಭದಲ್ಲಿ ಮದ್ರಾಸಿನಿಂದ ಇಂಗ್ಲೆಂಡಿಗೂ ಹೋಯಿತು! ಗಿಡದಲ್ಲಿರುವ ಅಟ್ರೋಪಿನ್, ಸ್ಕೊಪೊಲಮಿನ್ ಎಂಬ ಸತ್ವಗಳು ಶ್ವಾಸನಾಳದ ಬಿಗಿತವನ್ನು ಸಡಿಲಿಸುತ್ತವೆ. ಅನೇಕ ಬಗೆಯ ಕೀಟನಾಶಕ ಕುಡಿದವರ ಜೀವ ಉಳಿಸಲು ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ನೂ ಅಟ್ರೋಪಿನ್ನೇ.

ತೊಂದರೆ ಇರುವುದು ಅಳತೆಯಲ್ಲಿ. ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಬೇಲಿಯ ಎಲೆಯಲ್ಲಿ ಎಷ್ಟಿದೆ ಎಂದು ನಾವು ಅಳೆಯುವುದು ಹೇಗೆ? ಅಕ್ಕಪಕ್ಕದ ಎರಡು ಗಿಡಗಳಲ್ಲೂ ಅದು ಒಂದೇ ಸಮ ಇರುವುದಿಲ್ಲ. ಆಯುರ್ವೇದ ಪಂಡಿತರು ಕೂಡ ಇದರ ಬೀಜವನ್ನು ಶುದ್ಧಿ ಮಾಡದೆ ಬಳಸುವುದಿಲ್ಲ. ಆದ್ದರಿಂದ ಮನೆಯಲ್ಲಿ ಇದರ ಕಷಾಯವೂ ಬೇಡ, ಹೊಗೆಯೂ ಬೇಡ. ಗಾಯದ ಮೇಲಂತೂ ಎಲೆ ಕಟ್ಟಲೇಬೇಡಿ, ವಿಷ ರಕ್ತಕ್ಕೆ ಇಳಿಯುತ್ತದೆ. ಗಿಡ ಕಿತ್ತ ಕೈಯಲ್ಲಿ ಕಣ್ಣು ಉಜ್ಜಿದರೂ ದೃಷ್ಟಿ ಮಂಜಾಗುತ್ತದೆ.

ಮಕ್ಕಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಒಣಗಿದ ಬೀಜ ನೋಡಲು ಮೆಣಸಿನ ಬೀಜದ ಹಾಗೇ ಇರುತ್ತದೆ. ತಿಂದ ಮಗುವಿಗೆ ಬಾಯಿ ಒಣಗುತ್ತದೆ, ಮೈ ಕೆಂಪಾಗಿ ಸುಡುತ್ತದೆ, ಬೆವರು ಬರುವುದಿಲ್ಲ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮೂತ್ರ ಕಟ್ಟುತ್ತದೆ. ಆಮೇಲೆ ಏನೇನೋ ಬಡಬಡಿಸುತ್ತಾ ಗಾಳಿಯಲ್ಲಿ ಕೈಯಾಡಿಸಲು ಶುರು ಮಾಡುತ್ತದೆ. ಇದನ್ನು ನೋಡಿ ‘ಗಾಳಿ ಸೋಕಿದೆ’ ಎಂದು ಮಂತ್ರ ಹಾಕಿಸಲು ಹೋದರೆ ಹೊತ್ತು ಕಳೆದು ಮಗುವಿನ ಜೀವಕ್ಕೇ ಅಪಾಯ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗು ತಿಂದ ಕಾಯಿಯ ಚೂರೋ ಎಲೆಯೋ ಸಿಕ್ಕಿದರೆ ಚೀಲದಲ್ಲಿ ಹಾಕಿ ಒಯ್ಯಿರಿ, ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ.